ಅಣ್ಣನಿಗೆ ಆಗದ ಮಾತ್ರೆ ಅಮ್ಮನ ಚೀಟಿಯಲ್ಲಿ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ಎರಡು ವರ್ಷದ ಹಿಂದೆ ನಮ್ಮಣ್ಣನಿಗೆ ಫಿಟ್ಸ್ ಬಂತು ಅಂತ ಕಾರ್ಬಮಜೆಪಿನ್ ಮಾತ್ರೆ ಶುರು ಮಾಡಿದರು. ಆಗ ಅವನಿಗೆ 36 ವರ್ಷ. 16ನೇ ದಿನಕ್ಕೆ ಜ್ವರ, ಕಣ್ಣುರಿ, ಬಾಯಲ್ಲೆಲ್ಲ ಹುಣ್ಣು. ಮೈಮೇಲೆ ಅಮ್ಮ ಎದ್ದಿದೆ ಅಂದುಕೊಂಡು ಬೇವಿನ ಸೊಪ್ಪಿನ ಮೇಲೆ ಮಲಗಿಸಿದೆವು. ಫಿಟ್ಸ್ ಮಾತ್ರೆ ತಪ್ಪಿಸಬಾರದು ಅಂತ ಅದನ್ನೂ ಕೊಡ್ತಾನೇ ಇದ್ದೆವು. ನಾಲ್ಕನೇ ದಿನ ಬೆನ್ನಿನ ಚರ್ಮ ಪಂಚೆಗೆ ಅಂಟಿಕೊಂಡು ಬಂತು. ಮೂರು ವಾರ ಆಸ್ಪತ್ರೆಯಲ್ಲಿದ್ದು ಬದುಕಿದ. ಸ್ಟೀವನ್ಸ್ ಜಾನ್ಸನ್ ಅಂತ ಬರೆದುಕೊಟ್ಟಿದ್ದಾರೆ.

ಈಗ ಅಮ್ಮನಿಗೆ (61) ಮುಖದ ಬಲಗಡೆ ಕರೆಂಟ್ ಹೊಡೆದ ಹಾಗೆ ನೋವು. ಮುಖ ತೊಳೆಯಕ್ಕೂ ಆಗಲ್ಲ, ಮುದ್ದೆ ನುಂಗಕ್ಕೂ ಆಗಲ್ಲ. ಚಿಕ್ಕಬಳ್ಳಾಪುರದಲ್ಲಿ ತೋರಿಸಿದೆವು. ಬರೆದ ಮಾತ್ರೆಯ ಹೆಸರು ಬೇರೆ. ಮನೆಗೆ ಬಂದು ಸ್ಟ್ರಿಪ್ ಹಿಂದೆ ಓದಿದರೆ ಅದೇ ಕಾರ್ಬಮಜೆಪಿನ್! ಕೊಟ್ಟಿಲ್ಲ, ಬೀರುವಿನಲ್ಲಿ ಇಟ್ಟಿದ್ದೀನಿ. ಅಣ್ಣನಿಗೆ ಬದನೆಕಾಯಿ ನಂಜಾಗಿದ್ದು ಅಂತ ಅತ್ತಿಗೆ ಹೇಳ್ತಾರೆ. ಅಮ್ಮ ಮದುವೆ ಆಗಿದ್ದು ಸ್ವಂತ ಸೋದರಮಾವನನ್ನು, ಅದಕ್ಕೇ ರಕ್ತದಲ್ಲಿ ದೋಷ ಅಂತ ಊರವರು. ಅಣ್ಣ ಇಂಗ್ಲಿಷ್ ಔಷಧಿ ಪೂರ್ತಿ ಬಿಟ್ಟು ಆರು ತಿಂಗಳಿಂದ ಯಾವುದೋ ಚೂರ್ಣ ತಗೊಳ್ತಾ ರೇಷ್ಮೆ ರೀಲಿಂಗ್ ಕೆಲಸಕ್ಕೆ ಹೋಗ್ತಿದ್ದಾನೆ. ಇದಕ್ಕೆ ರಕ್ತ ಪರೀಕ್ಷೆ ಇದೆಯಂತೆ. ಯಾರಿಗೆ ಮಾಡಿಸಬೇಕು? ನನ್ನ ಮಗನಿಗೆ 9 ವರ್ಷ. ಅವನಿಗೆ ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಡಕ್ಕೂ ಕೈ ನಡುಗುತ್ತೆ.

ಉತ್ತರ: ಮೊದಲು ಅಮ್ಮನ ಮಾತ್ರೆ. ಕೊಡಬೇಡಿ. ಆ ಸ್ಟ್ರಿಪ್ಪನ್ನೂ ಅಣ್ಣನ ಡಿಸ್ಚಾರ್ಜ್ ಕಾಗದವನ್ನೂ ಹಿಡಿದುಕೊಂಡು, ಬರೆದುಕೊಟ್ಟ ಡಾಕ್ಟರ ಹತ್ತಿರ ವಾಪಸ್ ಹೋಗಿ. "ನನ್ನ ಮಗನಿಗೆ ಇದೇ ಔಷಧದಿಂದ ಚರ್ಮ ಸುಲಿದಿತ್ತು" ಅಂತ ಅಮ್ಮನೇ ಹೇಳಲಿ. ಆ ಡಾಕ್ಟರ ಮೇಲೆ ಬೇಸರ ಬೇಡ. ಈ ನೋವಿಗೆ ಜಗತ್ತಿನಲ್ಲೆಲ್ಲ ಮೊದಲು ಬರೆಯುವುದು ಇದೇ ಮಾತ್ರೆ. ಮನೆಯಲ್ಲಿ ಯಾರಿಗಾದರೂ ಔಷಧಿ ಆಗಿಬಂದಿಲ್ವಾ ಅಂತ ಅವರು ಕೇಳಿರಲಿಕ್ಕಿಲ್ಲ, ನೀವೂ ಹೇಳಿರಲಿಕ್ಕಿಲ್ಲ. ಹೊರಗೆ ಐವತ್ತು ಜನ ಕಾಯುತ್ತಿರುವಾಗ ಹೀಗಾಗುತ್ತದೆ. ನನ್ನ ಕೈಯಲ್ಲೂ ಆಗಿದೆ. ಸ್ಟ್ರಿಪ್ಪಿನ ಹಿಂದೆ ಓದಿದಿರಲ್ಲ, ಅದು ದೊಡ್ಡ ಕೆಲಸ. ನಮ್ಮ ಕಡೆ ಮಾತ್ರೆಯನ್ನು ಬಣ್ಣದಿಂದ, ಅಂಗಡಿಯವರು ಕರೆಯುವ ಹೆಸರಿನಿಂದ ಗುರುತಿಡುವವರೇ ಜಾಸ್ತಿ. ಝೆಪ್ಟಾಲ್, ಮೆಜೆಟಾಲ್, ಟೆಗ್ರಿಟಾಲ್, ಈ ಮೂರರ ಒಳಗೂ ಇರುವುದು ಒಂದೇ ಕಾರ್ಬಮಜೆಪಿನ್.

ಇನ್ನು ಅಣ್ಣನಿಗೆ ಆಗಿದ್ದೇನು ಅಂತ ನೋಡೋಣ. ಸ್ಟೀವನ್ಸ್ ಮತ್ತು ಜಾನ್ಸನ್ ಅನ್ನುವುದು ಇಬ್ಬರು ವೈದ್ಯರ ಹೆಸರು. 1922ರಲ್ಲಿ ಅಮೆರಿಕದಲ್ಲಿ ಇಬ್ಬರು ಹುಡುಗರಲ್ಲಿ ಇಂಥ ಕಾಯಿಲೆ ಕಂಡು ಬರೆದಿಟ್ಟರು. ಮೈಯ ನೂರರಲ್ಲಿ ಹತ್ತು ಭಾಗಕ್ಕಿಂತ ಕಡಿಮೆ ಚರ್ಮ ಸುಲಿದರೆ ಆ ಹೆಸರು. ಮೂವತ್ತು ಭಾಗ ದಾಟಿದರೆ ಟೆನ್ (ಟಾಕ್ಸಿಕ್ ಎಪಿಡರ್ಮಲ್ ನೆಕ್ರೋಲಿಸಿಸ್) ಅಂತ ಬೇರೆ ಹೆಸರು, ಕಾಯಿಲೆ ಮಾತ್ರ ಅದೇ. ನಡುವಿನದು ಎರಡರ ಬೆರಕೆ. ಟೆನ್ ಆದವರಲ್ಲಿ ಮೂರರಲ್ಲೊಬ್ಬರು ಉಳಿಯುವುದಿಲ್ಲ ಅನ್ನುವಷ್ಟು ಕೆಟ್ಟದ್ದು. ಹಾಗಂತ ಇದು ಊರೂರಲ್ಲಿ ಕಾಣುವ ಕಾಯಿಲೆಯಲ್ಲ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಜನರಿಗೆ ಬರುತ್ತದೆ. ಆ ಬೆರಳೆಣಿಕೆಯಲ್ಲಿ ನಿಮ್ಮಣ್ಣ ಒಬ್ಬ.

ಸಾಮಾನ್ಯವಾಗಿ ಮಾತ್ರೆ ಶುರುವಾದ ನಾಲ್ಕನೇ ದಿನದಿಂದ ನಾಲ್ಕು ವಾರದೊಳಗೆ ಕಾಣಿಸಿಕೊಳ್ಳುತ್ತದೆ. ಎರಡು ತಿಂಗಳವರೆಗೂ ಕಣ್ಣಿಟ್ಟಿರಬೇಕು. ಅಣ್ಣನ 16ನೇ ದಿನ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಎರಡು ವಾರ ಏನೂ ಆಗದ ಮಾತ್ರೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. "ದಿನಾ ತಗೊಳ್ತಿದ್ದ ಮಾತ್ರೆ ಸಾರ್, ಅದರಿಂದ ಹೇಗಾಗುತ್ತೆ?" ಅಂತ ಎಷ್ಟೋ ಮನೆಯವರು ನನ್ನನ್ನು ಕೇಳಿದ್ದಾರೆ.

ಬೇವಿನ ಸೊಪ್ಪಿನಲ್ಲಿ ಮಲಗಿಸಿದ್ದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಜ್ವರ, ಮೈಮೇಲೆ ಗುಳ್ಳೆ ಅಂದರೆ ನಮ್ಮ ಕಡೆ ಎಲ್ಲರಿಗೂ ಮೊದಲು ಹೊಳೆಯುವುದು ಅಮ್ಮನೇ. ಆದರೆ ವ್ಯತ್ಯಾಸ ಇದೆ. ಅಮ್ಮ ಎದ್ದಾಗ ಗುಳ್ಳೆ ನೀರಿನ ಹನಿಯ ಹಾಗಿರುತ್ತದೆ, ನವೆ ಇರುತ್ತದೆ. ಇದರಲ್ಲಿ ನವೆಯಲ್ಲ, ಉರಿ. ಮೈ ಮುಟ್ಟಿದರೆ ಸುಟ್ಟ ಜಾಗ ಮುಟ್ಟಿದಂತೆ ಚೀರುತ್ತಾರೆ. ತುಟಿಯ ಮೇಲೆ ರಕ್ತ ಒಣಗಿ ಹಕ್ಕಳೆ ಕಟ್ಟುತ್ತದೆ. ಕಣ್ಣು ಕೆಂಪಾಗಿ ಅಂಟಿಕೊಳ್ಳುತ್ತದೆ, ಮೂತ್ರ ಮಾಡುವಾಗಲೂ ಉರಿ. ಹೊಸ ಮಾತ್ರೆ ಶುರುವಾಗಿ ಎರಡು ತಿಂಗಳಾಗಿಲ್ಲ, ಜ್ವರದ ಜೊತೆ ಬಾಯಿ ಮತ್ತು ಕಣ್ಣು ಎರಡೂ ಕೆಟ್ಟಿವೆ ಅಂದರೆ ಆ ಮಾತ್ರೆಯ ಮುಂದಿನ ಡೋಸ್ ಕೊಡದೆ ಅವತ್ತೇ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಫಿಟ್ಸ್ ಮಾತ್ರೆ ಆದರೂ ಸರಿ. ಆಸ್ಪತ್ರೆಯಲ್ಲಿ ಫಿಟ್ಸ್ ತಡೆಯಲು ಬೇರೆ ಇಂಜೆಕ್ಷನ್ ಇದೆ. ಮಾತ್ರೆ ಎಷ್ಟು ಬೇಗ ನಿಂತರೆ ಬದುಕುವ ಅವಕಾಶ ಅಷ್ಟು ಜಾಸ್ತಿ.

ಈಗ ಅತ್ತಿಗೆಯ ಬದನೆಕಾಯಿ. ನಂಜು ಅನ್ನುವ ಮಾತನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಬದನೆಕಾಯಿ, ಒಣಮೀನು ತಿಂದರೆ ಕೆಲವರಿಗೆ ನಿಜವಾಗಲೂ ನವೆ ಏಳುತ್ತದೆ, ಪಿತ್ತದ ಗಂಧೆ ಏಳುತ್ತದೆ. ಅದು ಬೆಳಗ್ಗೆ ಎದ್ದು ಸಂಜೆಗೆ ಇಳಿಯುವ ವ್ಯವಹಾರ. ಚರ್ಮ ಪಂಚೆಗೆ ಅಂಟಿ ಬರುವಂತೆ ಮಾಡುವ ಶಕ್ತಿ ಯಾವ ಬದನೆಕಾಯಿಗೂ ಇಲ್ಲ. ಉಷ್ಣ ಆಯಿತು, ಬೋರ್‌ವೆಲ್ ನೀರು ಸರಿಯಿಲ್ಲ ಅನ್ನುವುದನ್ನೂ ಕೇಳುತ್ತಿರುತ್ತೇನೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಬೋರ್ ನೀರಿನಲ್ಲಿ ಫ್ಲೋರೈಡ್ ಇರುವುದು ನಿಜ. ಅದು ಹಲ್ಲು, ಮೂಳೆ ಕೆಡಿಸುತ್ತದೆ, ಈ ಕಾಯಿಲೆ ತರುವುದಿಲ್ಲ.

ಇನ್ನೊಂದು ನಂಬಿಕೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಂಜೆಕ್ಷನ್ ಕೊಡುವ ಮುಂಚೆ ಮುಂಗೈಗೆ ಸಣ್ಣಗೆ ಚುಚ್ಚಿ ಟೆಸ್ಟ್ ಡೋಸ್ ನೋಡುತ್ತಾರಲ್ಲ, ಅದರಲ್ಲಿ ಇದು ಗೊತ್ತಾಗುವುದಿಲ್ಲ. ಅದು ಪೆನ್ಸಿಲಿನ್‌ಗೆ ಆಗುವಂಥ, ನಿಮಿಷಗಳಲ್ಲಿ ಉಸಿರು ಕಟ್ಟುವ ಅಲರ್ಜಿಯನ್ನು ಹುಡುಕುವ ಪರೀಕ್ಷೆ. ಅದರ ದಾರಿಯೇ ಬೇರೆ, ಇದರ ದಾರಿಯೇ ಬೇರೆ. "ಒಂದು ಅರ್ಧ ಮಾತ್ರೆ ಕೊಟ್ಟು ನೋಡೋಣ" ಅನ್ನುವುದಂತೂ ಅಣ್ಣನ ವಿಷಯದಲ್ಲಿ ಬೆಂಕಿಯ ಜೊತೆ ಆಟ. ಎರಡನೇ ಸಲ ಬಂದರೆ ಬೇಗ ಬರುತ್ತದೆ, ಜೋರಾಗಿಯೂ ಬರಬಹುದು.

ಸರಿ, ಕಾರಣ ಎಲ್ಲಿದೆ? ನಮ್ಮ ಮೈಯ ಪ್ರತಿಯೊಂದು ಜೀವಕೋಶವೂ ಒಂದು ಮನೆ ಅಂದುಕೊಳ್ಳಿ. ಪ್ರತಿ ಮನೆಯೂ ತನ್ನ ಒಳಗೆ ಏನೇನಿದೆ ಅನ್ನುವುದರ ಚೂರುಪಾರನ್ನು ಹೊರಗೆ ಜಗಲಿಯ ಮೇಲೆ ಇಡುತ್ತದೆ. ಬೀದಿ ಸುತ್ತುವ ಕಾವಲುಗಾರರು ಜಗಲಿ ನೋಡುತ್ತಾ ಹೋಗುತ್ತಾರೆ. ಪರಿಚಯದ ಸಾಮಾನಾದರೆ ಮುಂದಕ್ಕೆ. ವೈರಸ್ಸಿನ ಚೂರು ಕಂಡರೆ ಆ ಮನೆಯನ್ನೇ ಕೆಡವುತ್ತಾರೆ. ಈ ಜಗಲಿಯ ಹೆಸರೇ ಎಚ್‌ಎಲ್‌ಎ. ಕಾವಲುಗಾರರು ಅಂದರೆ ಟಿ ಕೋಶ ಅನ್ನುವ ಬಿಳಿ ರಕ್ತಕಣಗಳು. ಎಲ್ಲರ ಮನೆಯ ಜಗಲಿಯೂ ಒಂದೇ ಅಳತೆಯಲ್ಲ. ಸಾವಿರಾರು ನಮೂನೆ ಇವೆ. ನಿಮ್ಮ ಜಗಲಿ ಯಾವ ನಮೂನೆ ಅನ್ನುವುದು 6ನೇ ವರ್ಣತಂತುವಿನಲ್ಲಿ ಬರೆದಿರುತ್ತದೆ. ಅರ್ಧ ಅಪ್ಪನ ಕಡೆಯಿಂದ, ಅರ್ಧ ಅಮ್ಮನ ಕಡೆಯಿಂದ.

ಕಾರ್ಬಮಜೆಪಿನ್ ಅನ್ನುವ ಸಣ್ಣ ಕಣಕ್ಕೆ ಇವುಗಳಲ್ಲಿ ಒಂದು ನಮೂನೆಯ ಜಗಲಿ ಹೇಳಿಮಾಡಿಸಿದ ಹಾಗಿದೆ. ಅದರ ಹೆಸರು ಎಚ್‌ಎಲ್‌ಎ-ಬಿ 15:02. ಮಾತ್ರೆ ಹೋಗಿ ಅಲ್ಲಿ ಕೂತರೆ ಜಗಲಿಯ ನೋಟವೇ ಬದಲಾಗುತ್ತದೆ. ಕಾವಲುಗಾರರಲ್ಲಿ ಕೆಲವರಿಗೆ ಅದು ಶತ್ರುವಿನ ಹಾಗೆ ಕಾಣುತ್ತದೆ. ಅವರು ಗ್ರಾನ್ಯುಲೈಸಿನ್ ಅನ್ನುವ ವಿಷ ಬಿಡುತ್ತಾರೆ, ಚರ್ಮದ ಕೋಶಗಳು ಸಾಲುಸಾಲಾಗಿ ಸಾಯುತ್ತವೆ. ಹೊರಗಿನಿಂದ ಯಾರೂ ಸುಟ್ಟಿಲ್ಲ. ನಮ್ಮ ಮನೆಯನ್ನು ನಮ್ಮ ಕಾವಲುಗಾರರೇ ಕೆಡವಿದ್ದು.

ಇದು ಗೊತ್ತಾಗಿದ್ದು ತೈವಾನಿನಲ್ಲಿ, 2004ರಲ್ಲಿ. ಈ ಮಾತ್ರೆಯಿಂದ ಸ್ಟೀವನ್ಸ್ ಜಾನ್ಸನ್ ಆದ 44 ಜನರ ರಕ್ತ ನೋಡಿದರೆ 44 ಜನರಲ್ಲೂ ಅದೇ 15:02. ವೈದ್ಯಶಾಸ್ತ್ರದಲ್ಲಿ ನೂರಕ್ಕೆ ನೂರು ಅನ್ನುವುದು ಸಿಗುವುದೇ ಅಪರೂಪ. ಆಮೇಲೆ ಅಲ್ಲಿಯವರು ಸುಮಾರು 4,900 ಜನರಿಗೆ ಮೊದಲೇ ಪರೀಕ್ಷೆ ಮಾಡಿ, 15:02 ಇದ್ದವರಿಗೆ ಬೇರೆ ಮಾತ್ರೆ ಕೊಟ್ಟರು. 2011ರಲ್ಲಿ ಫಲಿತಾಂಶ ಬಂತು. ಒಬ್ಬರಿಗೂ ಚರ್ಮ ಸುಲಿಯಲಿಲ್ಲ.

ನಮ್ಮ ದೇಶದ ಕತೆ ಅಷ್ಟು ನೇರವಾಗಿಲ್ಲ. ಇಲ್ಲೇ ತಪ್ಪು ತಿಳಿವಳಿಕೆ ಜಾಸ್ತಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿ ಏಷ್ಯಾ ಮೂಲದವರಿಗೆ ಈ ಮಾತ್ರೆ ಕೊಡುವ ಮುಂಚೆ ಪರೀಕ್ಷೆ ಮಾಡಿಸಿ ಅಂತ ಎಚ್ಚರಿಕೆ ಕೊಟ್ಟಿತು. ಭಾರತೀಯರಲ್ಲಿ ಸರಾಸರಿ ನೂರಕ್ಕೆ 2ರಿಂದ 4 ಜನರಲ್ಲಿ ಈ ನಮೂನೆ ಇದೆ, ಕೆಲವು ಸಮುದಾಯಗಳಲ್ಲಿ ಹೆಚ್ಚು ಅನ್ನುವುದು ಆ ಸಂಸ್ಥೆ ಒಪ್ಪಿದ ಔಷಧ ಮಾಹಿತಿಯಲ್ಲೇ ಇದೆ. 2009ರಲ್ಲಿ ಪ್ರಕಟವಾದ ನಮ್ಮ ದೇಶದ ಒಂದು ಅಧ್ಯಯನದಲ್ಲಿ ಈ ಮಾತ್ರೆಯಿಂದ ಸ್ಟೀವನ್ಸ್ ಜಾನ್ಸನ್ ಆದ 8 ಜನರಲ್ಲಿ 6 ಜನರಿಗೆ 15:02 ಇತ್ತು. ಅಂದರೆ ಇಬ್ಬರಿಗೆ ಇರಲಿಲ್ಲ. ಆ ಇಬ್ಬರನ್ನು ಮರೆಯಬೇಡಿ, ಅವರ ವಿಷಯಕ್ಕೆ ಮತ್ತೆ ಬರುತ್ತೇನೆ.

ಇನ್ನೊಂದು ಕಡೆಯಿಂದಲೂ ನೋಡಬೇಕು. 15:02 ಇದ್ದು ಈ ಮಾತ್ರೆ ತೆಗೆದುಕೊಂಡವರಲ್ಲೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಿಗೆ ಚರ್ಮ ಸುಲಿಯುವುದಿಲ್ಲ. ಜಗಲಿ ಹೊಂದಿದರೆ ಸಾಲದು, ಅದನ್ನು ನೋಡಿ ರೇಗುವಂಥ ಕಾವಲುಗಾರನೂ ಇರಬೇಕು. ಹಾಗಾಗಿ ಇದನ್ನು ಕಾಯಿಲೆ ಅನ್ನಬೇಡಿ, ದೋಷ ಅಂತಲೂ ಅನ್ನಬೇಡಿ. ಆ ಒಂದು ಗುಂಪಿನ ಮಾತ್ರೆ ಬಾಯಿಗೆ ಹಾಕದಿದ್ದರೆ ಇದರಿಂದ ಜೀವನಪೂರ್ತಿ ಏನೂ ಆಗುವುದಿಲ್ಲ.

ಹಾಗಾದರೆ ಸೋದರಮಾವನ ಮದುವೆ? ಊರವರ ಮಾತು ಇಲ್ಲಿ ತಾಳೆಯಾಗುವುದಿಲ್ಲ. ಒಂದೇ ಮನೆತನದ ಒಳಗೆ ಮದುವೆಯಾದಾಗ ಕೆಲವು ಕಾಯಿಲೆಗಳ ಸಾಧ್ಯತೆ ಏರುವುದು ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅವು ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಒಂದು ಜೀನಿನ ಕೆಟ್ಟ ಪ್ರತಿ ಎರಡು ಸೇರಿದರೆ ಮಾತ್ರ ಬರುವ ಕಾಯಿಲೆಗಳು. ಇದಕ್ಕೆ ಒಂದೇ ಪ್ರತಿ ಸಾಕು. ಅಪ್ಪ ಬೀದರಿನವರು, ಅಮ್ಮ ಮುಳಬಾಗಿಲಿನವರು ಆಗಿದ್ದರೂ ಅಣ್ಣನಿಗೆ ಇದು ಬರಬಹುದಿತ್ತು. 61 ವರ್ಷದ ತಾಯಿಯ ತಲೆಗೆ ಈಗ ಆ ತಪ್ಪು ಕಟ್ಟಬೇಡಿ ಅಂತ ಊರವರಿಗೆ ಹೇಳಿ. ನನ್ನ ಹೆಸರು ಹೇಳಿದರೂ ಪರವಾಗಿಲ್ಲ.

ಪರೀಕ್ಷೆ ಯಾರಿಗೆ ಅಂತ ಕೇಳಿದ್ದೀರಿ. ಬಹಳ ಜನ ತಮಗೆ, ಮಕ್ಕಳಿಗೆ ಅಂತ ಓಡುತ್ತಾರೆ. ನಾನು ಹೇಳುವುದು, ಮೊದಲು ಅಣ್ಣನಿಗೆ.

ಅಣ್ಣನ ಮಟ್ಟಿಗೆ ಆ ರಿಪೋರ್ಟಿನಿಂದ ಏನೂ ಬದಲಾಗುವುದಿಲ್ಲ. ಇದೆ ಅಂತ ಬರಲಿ, ಇಲ್ಲ ಅಂತ ಬರಲಿ, ಅವನು ಈ ಮಾತ್ರೆಯನ್ನು ಸಾಯುವವರೆಗೆ ಮುಟ್ಟಬಾರದು. ಅವನ ಮೈಯೇ ಪರೀಕ್ಷೆ ಮಾಡಿ ಉತ್ತರ ಹೇಳಿಬಿಟ್ಟಿದೆ. ಆದರೆ ಅವನ ರಿಪೋರ್ಟ್ ಉಳಿದವರಿಗೆ ಬೇಕು. ಅವನಿಗೆ 15:02 ಇದೆ ಅಂತ ಬಂದರೆ ನಿಮ್ಮ ಮನೆಯ ಕಾರಣ ಸಿಕ್ಕಿತು ಅಂತ ಲೆಕ್ಕ. ಆಗ ಅಮ್ಮನಿಗೋ ನಿಮಗೋ "ಇಲ್ಲ" ಅಂತ ಬಂದರೆ ಆ ಮಾತಿಗೆ ತೂಕ ಇದೆ. ಅಣ್ಣನಿಗೇ ಇಲ್ಲ ಅಂತ ಬಂದರೆ? ಆಗ ಅವನು ಆ ಎಂಟರಲ್ಲಿ ಇಬ್ಬರ ಜೊತೆಯವನು. ಅವನ ಮೈಯಲ್ಲಿ ಬೇರೆ ಏನೋ ಕಾರಣ ಇದೆ, ನಾವು ಹುಡುಕುತ್ತಿರುವುದು ಅದಲ್ಲ. ಆಗ ನಿಮಗೆ, ಅಮ್ಮನಿಗೆ "ಇಲ್ಲ" ಅಂತ ಬಂದರೂ ಅದನ್ನು ನಂಬಿ ಮಾತ್ರೆ ನುಂಗುವ ಹಾಗಿಲ್ಲ. ಅಣ್ಣನನ್ನು ಬಿಟ್ಟು ಅಮ್ಮನಿಗೆ ಮಾತ್ರ ಪರೀಕ್ಷೆ ಮಾಡಿಸಿ ಖುಷಿಯಾಗಿ ಮಾತ್ರೆ ಶುರು ಮಾಡಿದರೆ ಆಗುವ ಎಡವಟ್ಟು ಇದೇ.

ಮಾಡಿಸುವಾಗ ಎಚ್‌ಎಲ್‌ಎ-ಎ 31:01 ಅನ್ನುವುದನ್ನೂ ಸೇರಿಸಿ ಕೇಳಿ. ಅದೂ ಇದೇ ಮಾತ್ರೆಗೆ ಸಂಬಂಧಿಸಿದ್ದು. ಚರ್ಮ ಸುಲಿಯುವುದಕ್ಕಿಂತ ಹೆಚ್ಚಾಗಿ, ಜ್ವರ, ಮೈಯೆಲ್ಲ ದದ್ದು, ಮುಖ ಊತ, ಲಿವರ್ ತೊಂದರೆ ಬರುವ ಇನ್ನೊಂದು ಬಗೆಯ ರಿಯಾಕ್ಷನ್ನಿಗೆ ದಾರಿ ಮಾಡುತ್ತದೆ. ರಕ್ತ ನಮ್ಮ ಊರುಗಳಲ್ಲೇ ತೆಗೆದುಕೊಂಡು ಬೆಂಗಳೂರಿಗೆ ಕಳಿಸುತ್ತಾರೆ. ಖರ್ಚು ಸಾವಿರಗಳ ಲೆಕ್ಕ, ರಿಪೋರ್ಟಿಗೆ ಒಂದೆರಡು ವಾರ. ಜೀವನದಲ್ಲಿ ಒಂದೇ ಸಲ ಸಾಕು, ಇದು ಶುಗರ್ ಹಾಗೆ ಏರಿಳಿಯುವುದಲ್ಲ. ಒಂದು ಎಚ್ಚರಿಕೆ ಇದೆ. ಎಚ್‌ಎಲ್‌ಎ ಅಂದ ಕೂಡಲೇ ಕಲೆಕ್ಷನ್ ಸೆಂಟರಿನ ಹುಡುಗರು ಬಿ-27 ಅಂತ ಬರೆದುಕೊಳ್ಳುತ್ತಾರೆ. ಅದು ಬೆನ್ನುಮೂಳೆ ಹಿಡಿದುಕೊಳ್ಳುವ ಕಾಯಿಲೆಯ ಪರೀಕ್ಷೆ. ಒಬ್ಬರು ಅದನ್ನು ಮಾಡಿಸಿಕೊಂಡು "ನೆಗೆಟಿವ್ ಸಾರ್" ಅಂತ ನಗುತ್ತಾ ನನ್ನ ಮುಂದೆ ಕೂತಿದ್ದರು. ದುಡ್ಡೂ ಹೋಯ್ತು, ಉತ್ತರವೂ ಸಿಗಲಿಲ್ಲ. ಡಾಕ್ಟರ ಚೀಟಿಯಲ್ಲಿ ಅಂಕಿಗಳನ್ನು ಪೂರ್ತಿ ಬರೆಸಿಕೊಂಡು ಹೋಗಿ.

ಅಣ್ಣನಲ್ಲಿ 15:02 ಸಿಕ್ಕರೆ, ಒಡಹುಟ್ಟಿದ ನಿಮಗೆ ಅದು ಇರುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಅಮ್ಮನಿಗೂ ಹಾಗೆಯೇ, ಅದು ಬಂದಿರುವುದು ಅಮ್ಮನಿಂದ ಇಲ್ಲವೇ ಅಪ್ಪನಿಂದ ತಾನೇ. ನಿಮ್ಮ ಮಗನಿಗೆ ನಾಲ್ಕರಲ್ಲೊಂದು ಪಾಲು.

ರಿಪೋರ್ಟ್ ಬರುವವರೆಗೆ ಅಮ್ಮ ನೋವು ತಿನ್ನುತ್ತಾ ಕೂರಬೇಕಾಗಿಲ್ಲ. ಅವರ ನೋವು ನೀವು ಬರೆದ ರೀತಿ ನೋಡಿದರೆ ಮುಖದ ನೋವು, ಸ್ಪರ್ಶ ತಿಳಿಸುವ ಟ್ರೈಜೆಮಿನಲ್ ನರದ್ದೇ ಇರಬೇಕು. ಹಲ್ಲು ನೋವು ಅಂತ ಒಳ್ಳೆಯ ದವಡೆ ಹಲ್ಲು ಎರಡು ಮೂರು ಕೀಳಿಸಿಕೊಂಡು ಬರುವವರನ್ನು ನೋಡಿದ್ದೇನೆ. ಅದೊಂದು ಮಾಡಿಸಬೇಡಿ. ಒಮ್ಮೆ ನರರೋಗ ತಜ್ಞರಿಗೆ ತೋರಿಸಿ, ಅವರು ಹೇಳಿದರೆ ಎಂಆರ್‌ಐ ಮಾಡಿಸಿ. ನರದ ಮೇಲೆ ರಕ್ತನಾಳ ಒತ್ತುತ್ತಿದೆಯಾ ಅಂತ ಅದರಲ್ಲಿ ಕಾಣಬಹುದು. ಮಾತ್ರೆಗಳಲ್ಲಿ ಗ್ಯಾಬಾಪೆಂಟಿನ್, ಪ್ರಿಗ್ಯಾಬಾಲಿನ್, ಬ್ಯಾಕ್ಲೋಫೆನ್ ಇವೆ. ಇವು ಕಾರ್ಬಮಜೆಪಿನ್ ಗುಂಪಿನವಲ್ಲ. ನಿಜ ಹೇಳಬೇಕೆಂದರೆ ಈ ನೋವಿಗೆ ಕಾರ್ಬಮಜೆಪಿನ್‌ನಷ್ಟು ಚುರುಕಾಗಿ ಕೆಲಸ ಮಾಡುವುದಿಲ್ಲ. ನಿದ್ದೆ ಬರಿಸುತ್ತವೆ, ತಲೆ ತಿರುಗಿಸುತ್ತವೆ. ರಾತ್ರಿ ಬಚ್ಚಲಿಗೆ ಎದ್ದು ಹೋಗುವಾಗ ಅಮ್ಮ ಬೀಳದ ಹಾಗೆ ನೋಡಿಕೊಳ್ಳಬೇಕು, ಕಿಡ್ನಿ ಸರಿಯಿದೆಯಾ ನೋಡಿ ಡೋಸ್ ಇಡಬೇಕು. ಮಾತ್ರೆಗೆ ಬಗ್ಗದ ನೋವಿಗೆ ಶಸ್ತ್ರಚಿಕಿತ್ಸೆ ಇದೆ, ನರದ ಮೇಲೆ ಒತ್ತುವ ರಕ್ತನಾಳವನ್ನು ಪಕ್ಕಕ್ಕೆ ಸರಿಸುವುದು. ತಲೆಬುರುಡೆ ತೆರೆಯುವ ಕೆಲಸ, ಅದರ ಅಪಾಯ ಅದಕ್ಕಿದೆ.

ಒಂದು ಬಲೆ ಇದೆ ನೋಡಿ. "ಕಾರ್ಬಮಜೆಪಿನ್ ಆಗಲ್ಲ" ಅಂದಾಗ ಕೆಲವರು ಆಕ್ಸ್‌ಕಾರ್ಬಜೆಪಿನ್ ಬರೆಯಬಹುದು. ಅದು ಇದರ ಒಡಹುಟ್ಟು, ಅದೇ ಜಗಲಿಗೆ ಹೋಗಿ ಕೂರುತ್ತದೆ. ಅದೂ ಬೇಡ. ಮುಂದೆ ಬೇರೆ ಏನೂ ಕೆಲಸ ಮಾಡದೆ, ಅಣ್ಣನಲ್ಲಿ 15:02 ಸಿಕ್ಕಿ, ಅಮ್ಮನಿಗೆ ಅದು ಇಲ್ಲ ಅಂತ ಖಚಿತವಾದರೆ ಕಾರ್ಬಮಜೆಪಿನ್ ಬಗ್ಗೆ ತಜ್ಞರು ಮತ್ತೆ ಯೋಚಿಸಬಹುದು. ನನ್ನ ತಾಯಿಯಾಗಿದ್ದರೆ ಆ ಬಾಗಿಲನ್ನು ಕೊನೆಗೆ ತಟ್ಟುತ್ತಿದ್ದೆ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಭಯ ತಂದದ್ದು ಅಮ್ಮನ ಮಾತ್ರೆಯಲ್ಲ. ಅಣ್ಣ ಆರು ತಿಂಗಳಿಂದ ಫಿಟ್ಸ್‌ಗೆ ಔಷಧಿಯಿಲ್ಲದೆ ರೀಲಿಂಗ್ ಕೆಲಸಕ್ಕೆ ಹೋಗುತ್ತಿದ್ದಾನೆ ಅನ್ನುವ ಆ ಒಂದು ಸಾಲು. ಗೂಡು ಬೇಯುವ ಕುದಿನೀರಿನ ಪಕ್ಕ, ತಿರುಗುವ ಯಂತ್ರದ ಪಕ್ಕ ದಿನಪೂರ್ತಿ ನಿಲ್ಲುವ ಮನುಷ್ಯನಿಗೆ ಒಂದೇ ಒಂದು ಫಿಟ್ಸ್ ಬಂದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾ? ಚರ್ಮ ಸುಲಿಯುವ ಕಾಯಿಲೆ ಅವನಿಗೆ ಇನ್ನೊಮ್ಮೆ ಬರದಂತೆ ತಡೆಯಬಹುದು. ತಡೆಯಿಲ್ಲದ ಫಿಟ್ಸ್ ಯಾವ ಹೊತ್ತಿನಲ್ಲಿ ಬೇಕಾದರೂ ಪ್ರಾಣ ತೆಗೆಯಬಹುದು. ಅವನ ಭಯ ನನಗೆ ಅರ್ಥವಾಗುತ್ತದೆ. ಆ ಮೂರು ವಾರ ಅನುಭವಿಸಿದವನಿಗೆ ಯಾವ ಮಾತ್ರೆ ನೋಡಿದರೂ ಮೈ ಉರಿಯುತ್ತದೆ. ಆದರೆ "ಇಂಗ್ಲಿಷ್ ಔಷಧಿ" ಅನ್ನುವುದು ಒಂದು ಔಷಧಿಯಲ್ಲ. ಚೂರ್ಣದ ಬಗ್ಗೆಯೂ ಒಂದು ಮಾತು. ಹೆಸರು ಬರೆಯದ ಪೊಟ್ಟಣದಲ್ಲಿ ಕೊಡುವ ಫಿಟ್ಸ್ ಚೂರ್ಣಗಳಲ್ಲಿ ಫಿನೋಬಾರ್ಬಿಟೋನ್‌ನಂಥ ಇಂಗ್ಲಿಷ್ ಮಾತ್ರೆಯನ್ನೇ ಅರೆದು ಸೇರಿಸಿರುವುದುಂಟು. ಅಣ್ಣನಿಗೆ ಆಗದ ಗುಂಪಿನಲ್ಲಿ ಅದೂ ಒಂದು.

ಆ ಗುಂಪನ್ನು ಹೇಳಿಬಿಡುತ್ತೇನೆ, ಬರೆದಿಟ್ಟುಕೊಳ್ಳಿ. ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಫೆನಿಟಾಯಿನ್ ಅಂದರೆ ಅಂಗಡಿಯಲ್ಲಿ ಎಪ್ಟಾಯಿನ್ ಅನ್ನುವುದು, ಫಿನೋಬಾರ್ಬಿಟೋನ್ ಅಂದರೆ ಗಾರ್ಡಿನಾಲ್. ಲ್ಯಾಮೋಟ್ರಿಜಿನ್ ಕೂಡ ಅವನಿಗೆ ಬೇಡ. ಎಪ್ಟಾಯಿನ್ ಬಗ್ಗೆ ಜಾಸ್ತಿ ಎಚ್ಚರ ಬೇಕು. ಯಾರಾದರೂ ಫಿಟ್ಸ್ ಬಂದು ಬಿದ್ದರೆ ತುರ್ತು ಚಿಕಿತ್ಸೆಯಲ್ಲಿ ಮೊದಲು ಏರಿಸುವ ಔಷಧಿಗಳಲ್ಲಿ ಅದೂ ಒಂದು, ಆಗ ಅಣ್ಣನಿಗೆ ಮಾತಾಡುವ ಸ್ಥಿತಿ ಇರುವುದಿಲ್ಲ. ಇದಕ್ಕೆ ಇನ್ನೊಂದು ಜೀನಿನ ನಂಟೂ ಇದೆ. ಫೆನಿಟಾಯಿನ್ ಅನ್ನು ಲಿವರಿನಲ್ಲಿ ಕರಗಿಸುವ ಒಂದು ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ನಿಧಾನ. ಅವರ ಮೈಯಲ್ಲಿ ಔಷಧಿ ಶೇಖರವಾಗುತ್ತಾ ಹೋಗಿ ಚರ್ಮದ ತೊಂದರೆಗೆ ದಾರಿಯಾಗುತ್ತದೆ ಅಂತ 2014ರಲ್ಲಿ ಗೊತ್ತಾಯಿತು.

ಈ ಗುಂಪಿನ ಹೊರಗೆ ಅಣ್ಣನಿಗೆ ದಾರಿ ಇದೆ. ಲೆವೆಟಿರಾಸಿಟಮ್ ಒಂದು. ಚರ್ಮಕ್ಕೆ ಸಾಧು, ಆದರೆ ಕೆಲವರಿಗೆ ಸಿಡುಕು ಬರಿಸುತ್ತದೆ. ಮನೆಯಲ್ಲಿ ಸುಮ್ಮಸುಮ್ಮನೆ ರೇಗಾಡತೊಡಗಿದರೆ ಡಾಕ್ಟರಿಗೆ ತಿಳಿಸಿ. ಕ್ಲೋಬಜಾಮ್ ಇದೆ, ಸ್ವಲ್ಪ ಮಂಪರು. ವಾಲ್ಪ್ರೊಯೇಟ್ ಇದೆ, ಲಿವರ್ ನೋಡಿಕೊಂಡು ಕೊಡಬೇಕು, ತೂಕ ಏರುತ್ತದೆ. ಯಾವುದು ಅನ್ನುವುದನ್ನು ಅವನ ಫಿಟ್ಸ್ ಯಾವ ಬಗೆಯದು ಅಂತ ನೋಡಿ ನರರೋಗ ತಜ್ಞರು ಹೇಳಬೇಕು. ಬೆಂಗಳೂರಿನ ನಿಮ್ಹಾನ್ಸ್‌ಗೆ ಶಿಡ್ಲಘಟ್ಟದಿಂದ ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆಗೆ ವಾಪಸ್ ಬರಬಹುದು. ಈ ವಾರವೇ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಕುದಿನೀರು, ಕೃಷಿಹೊಂಡ, ಬೈಕು, ಮರ ಹತ್ತುವುದು ಬೇಡ. ಮಾಲೀಕರಿಗೆ ಹೇಳಿ ಗೂಡು ಆರಿಸುವ ಕೆಲಸಕ್ಕೆ ಹಾಕಿಸಿಕೊಳ್ಳಲಿ.

ನಿಮ್ಮ ಮಗನಿಗೆ ಪ್ಯಾರಾಸಿಟಮಾಲ್ ಧೈರ್ಯವಾಗಿ ಕೊಡಿ, ತೂಕಕ್ಕೆ ತಕ್ಕ ಡೋಸಿನಲ್ಲಿ. ಮಾಮನಿಗೆ ಕಾರ್ಬಮಜೆಪಿನ್ ಆಗಲಿಲ್ಲ ಅಂದರೆ ಸೋದರಳಿಯನಿಗೆ ಎಲ್ಲ ಮಾತ್ರೆಯೂ ಆಗಬಾರದು ಅಂತಲ್ಲ. ಪ್ಯಾರಾಸಿಟಮಾಲ್‌ಗೆ ಈ ಕೆಟ್ಟ ಹೆಸರು ಬಂದಿರುವುದರಲ್ಲಿ ಒಂದು ತಮಾಷೆ ಇದೆ. ಚರ್ಮ ಏಳುವ ಒಂದೆರಡು ದಿನ ಮುಂಚೆ ಜ್ವರ, ಗಂಟಲು ನೋವು ಬರುತ್ತದೆ. ಆಗ ಎಲ್ಲರೂ ಪ್ಯಾರಾಸಿಟಮಾಲ್ ನುಂಗುತ್ತಾರೆ, ಮಾರನೇ ದಿನ ಗುಳ್ಳೆ. ಅಪರಾಧಿ ಎರಡು ವಾರದ ಹಿಂದೆಯೇ ಒಳಗೆ ಬಂದಿರುತ್ತಾನೆ, ಸಿಕ್ಕಿಬೀಳುವುದು ಕೊನೆಗೆ ಬಂದ ಪ್ಯಾರಾಸಿಟಮಾಲ್. ಮಗನಿಗೆ ಈಗಲೇ ಜೀನ್ ಪರೀಕ್ಷೆಯೂ ಬೇಡ. ಅವನಿಗೆ ಫಿಟ್ಸ್ ಮಾತ್ರೆ ಬೇಕಾಗುವ ದಿನ ಬಂದರೆ ಆವತ್ತು ಯೋಚಿಸೋಣ. ಮನೆಯ ವಿಷಯವನ್ನು ಅವನ ಮಕ್ಕಳ ಡಾಕ್ಟರಿಗೆ ಹೇಳಿಟ್ಟಿರಿ, ಅಷ್ಟೇ.

ಬೇರೆ ಓದುಗರಿಗೂ ಉಪಯೋಗವಾಗಲಿ ಅಂತ ಇನ್ನೊಂದು ಮಾತ್ರೆಯ ಬಗ್ಗೆ ಹೇಳುತ್ತೇನೆ, ಅಲೋಪ್ಯೂರಿನಾಲ್. ಅಂಗಡಿಯಲ್ಲಿ ಝೈಲೋರಿಕ್ ಅನ್ನುತ್ತಾರೆ, ಯೂರಿಕ್ ಆಸಿಡ್ ಇಳಿಸಲು ಕೊಡುವುದು. ಇದಕ್ಕೂ ಒಂದು ಜಗಲಿ ಇದೆ, ಎಚ್‌ಎಲ್‌ಎ-ಬಿ 58:01. ಅದನ್ನೂ ತೈವಾನಿನವರೇ 2005ರಲ್ಲಿ ಕಂಡುಕೊಂಡರು. ಕಿಡ್ನಿ ದುರ್ಬಲ ಇದ್ದವರಲ್ಲಿ, ಮೊದಲೇ ದೊಡ್ಡ ಡೋಸಿನಿಂದ ಶುರು ಮಾಡಿದವರಲ್ಲಿ ಅಪಾಯ ಇನ್ನೂ ಜಾಸ್ತಿ. ನನಗೆ ಸಿಟ್ಟು ಬರುವುದು ಎಲ್ಲಿ ಅಂದರೆ, ಗೌಟ್ ಇಲ್ಲ, ಕೀಲು ಊದಿಲ್ಲ, ಹೆಲ್ತ್ ಪ್ಯಾಕೇಜಿನ ರಿಪೋರ್ಟಿನಲ್ಲಿ ಯೂರಿಕ್ ಆಸಿಡ್ ಮುಂದೆ ಒಂದು ಕೆಂಪು ಗುರುತು ಬಂದಿದೆ ಅಷ್ಟೇ, ಅದಕ್ಕೆ ಈ ಮಾತ್ರೆ. ತೊಂದರೆಯೇ ಇಲ್ಲದ ಯೂರಿಕ್ ಆಸಿಡ್‌ಗೆ ಹೆಚ್ಚಿನವರಿಗೆ ಮಾತ್ರೆ ಬೇಕಾಗಿಲ್ಲ. ಕುಷ್ಠಕ್ಕೆ ಕೊಡುವ ಡ್ಯಾಪ್ಸೋನ್‌ಗೂ ಇಂಥದ್ದೇ ಒಂದು ಜೀನ್ ಗುರುತು ಸಿಕ್ಕಿದೆ, ಎಚ್‌ಎಲ್‌ಎ-ಬಿ 13:01. ಸಲ್ಫಾ ಮಾತ್ರೆಗಳು, ಪೈರಾಕ್ಸಿಕಾಮ್‌ನಂಥ ನೋವಿನ ಮಾತ್ರೆಗಳು ಕೂಡ ಈ ಕಾಯಿಲೆ ತರಬಲ್ಲವು. ಮೊದಲೇ ನೋಡಿ ಹೇಳುವಂಥ ಪಕ್ಕಾ ರಕ್ತ ಪರೀಕ್ಷೆ ಅವಕ್ಕಿಲ್ಲ. ಅಲ್ಲಿ ನಮ್ಮ ಕಣ್ಣೇ ಪರೀಕ್ಷೆ.

ಅಣ್ಣನಿಗೊಂದು ಕಾರ್ಡ್ ಮಾಡಿಸಿ. ಆಧಾರ್ ಅಳತೆಯ ಗಟ್ಟಿ ಕಾಗದ, ಮೇಲೆ ಲ್ಯಾಮಿನೇಷನ್. "ಕಾರ್ಬಮಜೆಪಿನ್‌ನಿಂದ ಸ್ಟೀವನ್ಸ್ ಜಾನ್ಸನ್ ಆಗಿದೆ" ಅಂತ, ಆದ ವರ್ಷ, ಆಗದ ಗುಂಪಿನ ಐದೂ ಹೆಸರು. ಕನ್ನಡದಲ್ಲಿ ಒಂದು ಕಡೆ, ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ಡಾಕ್ಟರ ಕೈಯಲ್ಲೇ ಬರೆಸಿ. ಒಂದು ಅವನ ಜೇಬಿನಲ್ಲಿ, ಒಂದು ನಿಮ್ಮ ಫೋನಿನಲ್ಲಿ ಫೋಟೋ, ಒಂದು ನೀವು ಯಾವಾಗಲೂ ಹೋಗುವ ಮೆಡಿಕಲ್ ಶಾಪಿನವರ ಹತ್ತಿರ. ಕಂಪನಿ ಹೆಸರು ಬರೆಯಬೇಡಿ, ಒಳಗಿನ ಔಷಧಿಯ ಹೆಸರು ಬರೆಯಿರಿ. ಆಗ ಯಾರೂ ವರದಿ ಮಾಡಿರದಿದ್ದರೆ 1800-180-3024 ಅನ್ನುವ ಉಚಿತ ಸಂಖ್ಯೆಗೆ ಕರೆ ಮಾಡಿ ಹೇಳಬಹುದು. ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ಕೇಂದ್ರ ಸರ್ಕಾರದ ಸಹಾಯವಾಣಿ ಅದು. ರೋಗಿಯ ಮನೆಯವರೂ ಹೇಳಬಹುದು, ಡಾಕ್ಟರೇ ಆಗಬೇಕಿಲ್ಲ.

ಕೊನೆಗೆ ನೀವು ಕೇಳದೇ ಬಿಟ್ಟದ್ದು, ಅಣ್ಣನ ಕಣ್ಣು. ಚರ್ಮ ವಾಸಿಯಾದ ಮೇಲೂ ಈ ಕಾಯಿಲೆ ಕಣ್ಣಿನಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೆಲಸ ಮಾಡುತ್ತಿರುತ್ತದೆ. ಕಣ್ಣೀರು ಬತ್ತುತ್ತದೆ, ರೆಪ್ಪೆ ಕೂದಲು ಒಳಗೆ ತಿರುಗಿ ಕಣ್ಣಿನ ಕರಿಗುಡ್ಡೆಯನ್ನು ಗೀರುತ್ತಿರುತ್ತದೆ. ಬಿಸಿಲಿಗೆ ಕಣ್ಣು ಬಿಡಲಾಗುವುದಿಲ್ಲ, ಮರಳು ಬಿದ್ದ ಹಾಗಿದೆ ಅಂತ ಅವನು ಯಾವಾಗಲಾದರೂ ಹೇಳಿದ್ದಾನಾ? ರೀಲಿಂಗ್ ಹೊಗೆಯಿಂದ ಅಂತ ಅವನೇ ಅಂದುಕೊಂಡಿರಬಹುದು. ನಿಮ್ಹಾನ್ಸ್‌ಗೆ ಬೆಂಗಳೂರಿಗೆ ಬಂದಾಗಲೇ ಇನ್ನೊಂದು ದಿನ ಉಳಿದು ಮಿಂಟೋ ಆಸ್ಪತ್ರೆಯಲ್ಲೋ, ಕಾರ್ನಿಯಾ ನೋಡುವ ಬೇರೆ ಡಾಕ್ಟರ ಹತ್ತಿರವೋ ತೋರಿಸಿಕೊಂಡು ಹೋಗಿ. ಆ ಡಿಸ್ಚಾರ್ಜ್ ಕಾಗದ ಅಲ್ಲಿಗೂ ಬೇಕಾಗುತ್ತದೆ.